ಕ್ರೆಡಿಟ್ ಕಾರ್ಡ್ ರಿಫಂಡನ್ನು ಪಾಸ್‌ಬುಕ್‌ನಲ್ಲಿ ಹುಡುಕಬೇಡಿ

ಕಳೆದ ಮಳೆಗಾಲದಲ್ಲಿ ಉಡುಪಿಯ ಕುಂಜಿಬೆಟ್ಟಿನಲ್ಲಿರುವ ನನ್ನ ದೊಡ್ಡಮ್ಮ ಹತ್ತು ದಿನದಲ್ಲಿ ಮೂರು ಸಲ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬಂದರು. ಆನ್‌ಲೈನ್‌ನಲ್ಲಿ ತರಿಸಿದ ಮಿಕ್ಸಿಯ ಜಾರ್ ಒಡೆದಿತ್ತು, ವಾಪಸ್ ಕಳಿಸಿದ್ದರು, ರಿಫಂಡ್ ಆಯಿತು ಅಂತ ಅಂಗಡಿಯವರ ಮೆಸೇಜೂ ಬಂದಿತ್ತು. ಪಾಸ್‌ಬುಕ್‌ನಲ್ಲಿ ಮಾತ್ರ 6,490 ರೂಪಾಯಿಯ ಸುಳಿವೇ ಇಲ್ಲ. "ದುಡ್ಡು ಹೋಯ್ತು ಅಂತ ಕಾಣ್ತದೆ ಮಗಾ" ಅಂತ ಫೋನ್ ಮಾಡಿದರು.

ದುಡ್ಡು ಹೋಗಿರಲಿಲ್ಲ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಶುರು ಮಾಡಿದ ಊರು ನಮ್ಮದು, ಕಟ್ಟಿದ ದುಡ್ಡು ಪುಸ್ತಕದಲ್ಲಿ ಕಾಣಬೇಕು ಅನ್ನುವುದು ಇಲ್ಲಿನ ಹಿರಿಯರ ಅಭ್ಯಾಸ, ಅದು ಒಳ್ಳೆಯ ಅಭ್ಯಾಸವೇ. ಆದರೆ ಕ್ರೆಡಿಟ್ ಕಾರ್ಡಿಗೆ ಬೇರೆಯೇ ಲೆಕ್ಕ. ದುಡ್ಡು ಯಾವ ದಾರಿಯಲ್ಲಿ ಹೋಯಿತೋ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಡೆಬಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೆ ಎಸ್‌ಬಿ ಖಾತೆಗೆ, ಅಂದರೆ ಪಾಸ್‌ಬುಕ್ ಇರುವ ಉಳಿತಾಯ ಖಾತೆಗೆ, ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೆ ಕಾರ್ಡಿನ ಖಾತೆಗೆ. ಯುಪಿಐನಲ್ಲಿ ಕೊಟ್ಟಿದ್ದೆ ಅಂತೀರಾ? ಆ ಆ್ಯಪಿಗೆ ರುಪೇ ಕ್ರೆಡಿಟ್ ಕಾರ್ಡ್ ಜೋಡಿಸಿ ಅದರಿಂದ ಕೊಟ್ಟಿದ್ದರೆ, ಅದೂ ಕಾರ್ಡಿಗೇ ಬರುತ್ತದೆ.

ಹಾಗಾಗಿ ಮೊದಲು ಕಾರ್ಡಿನ ಆ್ಯಪ್ ತೆರೆದು ಇತ್ತೀಚಿನ ವ್ಯವಹಾರಗಳನ್ನು ನೋಡಿ. ಕೈಯಲ್ಲಿರುವ ಪಿಡಿಎಫ್ ಸ್ಟೇಟ್‌ಮೆಂಟ್‌ನಲ್ಲಿ ಹುಡುಕಿದರೆ ಸಿಗದೇ ಇರಬಹುದು, ಯಾಕೆಂದರೆ ಬಿಲ್ ತಯಾರಾದ ಮೇಲೆ ಬಂದದ್ದು ಮುಂದಿನ ಬಿಲ್‌ನಲ್ಲೇ ಕಾಣುವುದು. ರಿಫಂಡ್ ಮೊತ್ತದ ಪಕ್ಕ ಹೆಚ್ಚಾಗಿ ಸಿಆರ್ (ಕ್ರೆಡಿಟ್, ಅಂದರೆ ಜಮಾ) ಅಂತ ಇರುತ್ತದೆ, ಕೆಲವು ಕಡೆ ಪ್ಲಸ್ ಗುರುತು ಇಲ್ಲವೇ ಹಸಿರು ಬಣ್ಣ. ಅಂಗಡಿಯ ಹೆಸರಿನಿಂದ ಹುಡುಕಬೇಡಿ, ಮೊತ್ತದಿಂದ ಹುಡುಕಿ. ಹೆಸರಿನ ಜಾಗದಲ್ಲಿ ರೇಜರ್‌ಪೇ, ಪೇಯು, ಬಿಲ್‌ಡೆಸ್ಕ್ ಅಂತ ನಡುವಿನ ಕಂಪನಿಯ ಹೆಸರು ಬಂದಿರಬಹುದು. ಮೊತ್ತವೂ ಕೊಟ್ಟಷ್ಟೇ ಇರಬೇಕೆಂದಿಲ್ಲ. ಮಂಗಳೂರಿನಿಂದ ಮುಂಬೈಗೆ ಮತ್ಸ್ಯಗಂಧ ಟಿಕೆಟ್ ತೆಗೆದು ರದ್ದು ಮಾಡಿದಿರಿ ಅಂತ ಇಟ್ಟುಕೊಳ್ಳಿ, ರದ್ದತಿ ಶುಲ್ಕ ಕಳೆದೇ ಬರುತ್ತದೆ, ಐಆರ್‌ಸಿಟಿಸಿಯ ಕನ್ವೀನಿಯನ್ಸ್ ಫೀ ಅಂತೂ ವಾಪಸ್ ಇಲ್ಲ. ಕೂಪನ್ ಹಾಕಿ ಮೂರು ವಸ್ತು ತೆಗೆದು ಒಂದನ್ನು ಮರಳಿಸಿದರೂ ಹಾಗೆಯೇ, ರಿಯಾಯಿತಿಯ ಪಾಲು ಕಡಿಮೆಯಾಗಿರುತ್ತದೆ.

ಈಗ ಜನ ಜಾಸ್ತಿ ಏಟು ತಿನ್ನುವ ಜಾಗಕ್ಕೆ ಬರೋಣ. ದೊಡ್ಡಮ್ಮನ ಲೆಕ್ಕವನ್ನೇ ನೋಡಿ. ಮಿಕ್ಸಿ ಕೊಂಡದ್ದು ಜುಲೈ 12. ಬಿಲ್ ಬಂದದ್ದು 18ಕ್ಕೆ, ಮಿಕ್ಸಿಯೂ ಸೇರಿ ಒಟ್ಟು 11,240 ರೂಪಾಯಿ, ಕಟ್ಟಲು ಕೊನೆಯ ದಿನ ಆಗಸ್ಟ್ 5. ರಿಫಂಡ್ ಕಾರ್ಡಿಗೆ ಬಿದ್ದದ್ದು ಜುಲೈ 27. ಪಿಡಿಎಫ್‌ನಲ್ಲಿ ಈಗಲೂ 11,240 ಅಂತಲೇ ಇದೆ, ಅದು ಬದಲಾಗುವುದಿಲ್ಲ. ಆದರೆ ಆ್ಯಪಿನಲ್ಲಿ ಬಾಕಿ 4,750 ಅಂತ ತೋರಿಸುತ್ತಿತ್ತು. ಬಿಲ್ ಕಟ್ಟುವ ಮೊದಲೇ, ಕೊನೆಯ ದಿನದ ಒಳಗೆ ಬಂದ ರಿಫಂಡನ್ನು ಬ್ಯಾಂಕ್ ಕಟ್ಟಬೇಕಾದ ಮೊತ್ತದಲ್ಲಿ ಕೂಡಲೇ ಕಳೆಯಬೇಕು ಅಂತ 2022ರಿಂದಲೇ ಆರ್‌ಬಿಐ ನಿಯಮ ಇದೆ. ದೊಡ್ಡಮ್ಮ 4,750 ಕಟ್ಟಿದರು. ಆಗಸ್ಟ್ 18ರ ಸ್ಟೇಟ್‌ಮೆಂಟ್‌ನಲ್ಲಿ ಹಿಂದಿನ ಬಾಕಿ 11,240, ಬಂದದ್ದು 11,240. ಅದರಲ್ಲಿ ಒಂದು ಸಾಲು ಅವರು ಕಟ್ಟಿದ್ದು, ಇನ್ನೊಂದು ಸಾಲು 6,490 ಸಿಆರ್.

ಅದೇ ರಿಫಂಡ್ ಆಗಸ್ಟ್ 5ರವರೆಗೂ ಬರದಿದ್ದರೆ? ಪೂರ್ತಿ 11,240 ಕಟ್ಟಲೇಬೇಕಿತ್ತು. ಹೇಗೂ ಬರುತ್ತದಲ್ವಾ ಅಂತ 6,490 ಬಿಟ್ಟು ಕಟ್ಟಿದರೆ ಬಡ್ಡಿ ಬೀಳುತ್ತದೆ, ಹೆಚ್ಚಿನ ಕಾರ್ಡುಗಳಲ್ಲಿ ಅದು ತಿಂಗಳಿಗೆ ಶೇಕಡಾ 3ಕ್ಕೂ ಜಾಸ್ತಿ. ಹೊಸ ಖರೀದಿಗೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಪೂರ್ತಿ ಕಟ್ಟಿದ ಮೇಲೆ ರಿಫಂಡ್ ಬಂದರೆ ನಷ್ಟವಿಲ್ಲ, ಬಾಕಿ ಮೈನಸ್‌ನಲ್ಲಿ ಕಾಣುತ್ತದೆ, ಮುಂದಿನ ಬಿಲ್‌ನಲ್ಲಿ ಕಳೆದುಹೋಗುತ್ತದೆ. ಹೀಗೆ ಬಂದ ರಿಫಂಡ್ ದೊಡ್ಡದಿದ್ದರೆ, ಅಂದರೆ ಕಾರ್ಡ್ ಮಿತಿಯ ಶೇಕಡಾ 1 ಅಥವಾ 5,000 ರೂಪಾಯಿ, ಇವೆರಡರಲ್ಲಿ ಕಡಿಮೆ ಇರುವುದಕ್ಕಿಂತ ಜಾಸ್ತಿ ಇದ್ದರೆ, ಬ್ಯಾಂಕ್ ನಿಮ್ಮ ಒಪ್ಪಿಗೆ ಕೇಳಿಯೇ ಕಾರ್ಡಿನಲ್ಲಿ ಹೊಂದಿಸಬೇಕು. ಎಸ್‌ಬಿ ಖಾತೆಗೆ ಹಾಕಿ ಅಂತ ನೀವು ಕೇಳಬಹುದು, ಸಂಕೋಚ ಬೇಡ. ಬಿಲ್ ಮೊತ್ತ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಆಟೋಪೇ ಇಟ್ಟವರು ಗಮನಿಸಿ: ರಿಫಂಡ್ ಬಂದಿದ್ದರೂ ಪೂರ್ತಿ ಬಿಲ್ ಮೊತ್ತವೇ ಕಡಿತವಾಗುವ ಸಾಧ್ಯತೆ ಇದೆ, ಖಾತೆಯಲ್ಲಿ ಅಷ್ಟು ದುಡ್ಡು ಇಟ್ಟಿರಿ.

ಕೆಲವೊಮ್ಮೆ ರಿಫಂಡ್ ಅಂತ ಸಾಲೇ ಬರುವುದಿಲ್ಲ. ಬಟ್ಟೆ ಅಂಗಡಿಯಲ್ಲಿ ಎರಡು ಸಲ ಸ್ವೈಪ್ ಆಗಿ ಅವರು ಅವತ್ತೇ ಮೆಷಿನ್‌ನಲ್ಲಿ ಒಂದನ್ನು ರದ್ದು ಮಾಡಿದರೆ, ಆ ಎಂಟ್ರಿಯೇ ಮಾಯವಾಗುತ್ತದೆ. ರದ್ದು ಮಾಡಿದ ಚೀಟಿ ಮಾತ್ರ ಕೇಳಿ ಇಟ್ಟುಕೊಳ್ಳಿ.

ಇಎಂಐನಲ್ಲಿ ಕೊಂಡ ವಸ್ತು ವಾಪಸ್ ಮಾಡಿದರೆ ಸುಮ್ನೆ ಕೂರಬೇಡಿ. ರಿಫಂಡ್ ಬಿದ್ದರೂ ಇಎಂಐ ತಾನಾಗಿ ನಿಲ್ಲದೆ ತಿಂಗಳು ತಿಂಗಳೂ ಕಂತು ಬರುತ್ತಿರಬಹುದು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಇಎಂಐ ರದ್ದು ಮಾಡಿಸಿ, ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ಪ್ರೊಸೆಸಿಂಗ್ ಫೀ ಮತ್ತು ಅದರ ಜಿಎಸ್‌ಟಿ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಅಂಗಡಿಯವರು ಕಳಿಸಿದ್ದೇವೆ ಅಂದ ಮೇಲೂ ಏಳೆಂಟು ಕೆಲಸದ ದಿನ ಕಾಯಬೇಕಾಗಬಹುದು. ಆಮೇಲೂ ಬರದಿದ್ದರೆ ಅವರ ಹತ್ತಿರ ಎಆರ್‌ಎನ್ ಕೇಳಿ, 23 ಅಂಕಿಗಳ ನಂಬರ್ ಅದು. ಬರೀ "ಆಗಿದೆ ಸರ್" ಅನ್ನುವ ಮಾತು ಬ್ಯಾಂಕಿನಲ್ಲಿ ನಡೆಯುವುದಿಲ್ಲ, ಆ ನಂಬರ್ ಕೊಟ್ಟರೆ ದುಡ್ಡು ಎಲ್ಲಿ ನಿಂತಿದೆ ಅಂತ ಬ್ಯಾಂಕಿನವರು ಹುಡುಕಬಹುದು. ಬ್ಯಾಂಕಿಗೆ ಲಿಖಿತವಾಗಿ ದೂರು ಕೊಟ್ಟು 30 ದಿನ ಆದರೂ ಉತ್ತರ ಇಲ್ಲವೆಂದರೆ ಆರ್‌ಬಿಐನ ಸಿಎಂಎಸ್ ಅನ್ನುವ ದೂರು ಪೋರ್ಟಲ್‌ನಲ್ಲಿ, ಬ್ಯಾಂಕ್ ಗ್ರಾಹಕರ ದೂರು ವಿಚಾರಿಸುವ ಒಂಬುಡ್ಸ್‌ಮನ್‌ಗೆ ದೂರು ಹಾಕಿ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ.