ಜುಟ್ಟು ಕೊಡದೆ ಐಟಿ ಕೆಲಸ ಒಬ್ಬರಿಗೇ ವಹಿಸಿದ್ದು

ಬೆಂಗಳೂರಿನ ಪೀಣ್ಯದ ನಮ್ಮ ಮೆಷಿನ್ ಶಾಪ್‌ನ ಐಟಿ ಕೆಲಸವನ್ನೆಲ್ಲ ಒಬ್ಬರಿಗೇ ವಹಿಸುತ್ತೇನೆ ಎಂದಾಗ ಆಡಿಟರ್‌ರಿಂದ ಪಕ್ಕದ ಶೆಡ್‌ನವರವರೆಗೆ ಎಲ್ಲರದೂ ಒಂದೇ ಮಾತು: ಜುಟ್ಟು ಅವರ ಕೈಗೆ ಕೊಟ್ಟ ಹಾಗೆ. ಎರಡು ವರ್ಷವಾಯಿತು, ಜುಟ್ಟು ನಮ್ಮ ಕೈಯಲ್ಲೇ ಇದೆ. 22 ಕಂಪ್ಯೂಟರ್, ಲೆಕ್ಕಪತ್ರದ ಟ್ಯಾಲಿ ಸಾಫ್ಟ್‌ವೇರ್‌ನ ಸರ್ವರ್, 16 ಕ್ಯಾಮೆರಾ, ಹಾಜರಾತಿ ಮೆಷಿನ್, ಮೇಲ್ ಇವನ್ನೆಲ್ಲ ಮೊದಲು ಆರು ಜನ ನೋಡುತ್ತಿದ್ದರು, ವರ್ಷಕ್ಕೆ ಹತ್ತಿರಹತ್ತಿರ 4 ಲಕ್ಷ. ಈಗ ಜಿಎಸ್‌ಟಿ ಸೇರಿ 2.9 ಲಕ್ಷದ ಆಸುಪಾಸು.

ಮೊದಲ ಸಲ ಸೋತೆ. ಕಂಪ್ಯೂಟರ್‌ಗೆ 1,500 ರೂಪಾಯಿ ಎಂದವರಿಗೆ ಕೊಟ್ಟದ್ದೇ ತಪ್ಪು. ಅದು ನಾನ್-ಕಾಂಪ್ರಹೆನ್ಸಿವ್ ಎಎಂಸಿ, ಅಂದರೆ ಬಿಡಿಭಾಗ ಸೇರದ ವಾರ್ಷಿಕ ನಿರ್ವಹಣಾ ಒಪ್ಪಂದ. ಎಸ್‌ಎಂಪಿಎಸ್, ರ‍್ಯಾಮ್, ಎಸ್‌ಎಸ್‌ಡಿ ಎಲ್ಲಕ್ಕೂ ಬೇರೆ ಬಿಲ್, ಆರು ತಿಂಗಳಲ್ಲಿ 70 ಸಾವಿರ. ‘ನಾಲ್ಕು ಗಂಟೆ’ ಎಂದು ಬರೆದದ್ದು ಫೋನ್ ಎತ್ತುವುದಕ್ಕೆ, ರಿಪೇರಿ ಮುಗಿಸುವುದಕ್ಕಲ್ಲ.

ಎರಡನೇ ಸಲ ಕೊಟೇಶನ್ ಕೇಳಲೇ ಇಲ್ಲ. ನಾಲ್ವರಿಗೆ ತಲಾ 3,000 ಕೊಟ್ಟು ಅರ್ಧ ದಿನ ಜಾಗ ನೋಡಿಸಿದೆ. ನಮಗೆ ಗೊತ್ತಿದ್ದ ಎರಡು ದೋಷಗಳನ್ನು ಹೇಳದೆ ಬಿಟ್ಟಿದ್ದೆ. ಒಂದು, ದೂರದಿಂದ ಕಂಪ್ಯೂಟರ್ ಬಳಸುವ ರಿಮೋಟ್ ಡೆಸ್ಕ್‌ಟಾಪ್‌ಗಾಗಿ ರೂಟರ್‌ನಲ್ಲಿ 3389 ಪೋರ್ಟ್ ಹೊರಜಗತ್ತಿಗೆ ತೆರೆದಿತ್ತು. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ನುಗ್ಗುವ ಸಾಮಾನ್ಯ ದಾರಿಗಳಲ್ಲಿ ಅದೂ ಒಂದು. ಇನ್ನೊಂದು, ಸ್ಟೋರ್ಸ್‌ನ ಟ್ಯಾಲಿ ತೆವಳುತ್ತಿತ್ತು. 16 ಕ್ಯಾಮೆರಾ, ತಲಾ 4 ಎಂಬಿಪಿಎಸ್ ಡೇಟಾ, ಒಟ್ಟು 64. ಹಳೆಯ 100 ಎಂಬಿಪಿಎಸ್ ಸ್ವಿಚ್‌ನ ಅದೇ ಒಂದು ಕೇಬಲ್‌ನಲ್ಲಿ ಟ್ಯಾಲಿಯೂ ಹೋಗಬೇಕು. ಮೂವರು ಹೊಸ ಸರ್ವರ್ ಮಾರಲು ನೋಡಿದರು. ಎರಡನ್ನೂ ಹಿಡಿದವರು ಒಬ್ಬರೇ, ಕೆಲಸ ಅವರಿಗೇ ಹೋಯಿತು. ಕ್ಯಾಮೆರಾಗೆ ಬೇರೆ ಪಿಒಇ ಸ್ವಿಚ್ (ಡೇಟಾ ಕೇಬಲ್‌ನಲ್ಲೇ ವಿದ್ಯುತ್ ಕೊಡುವುದು), ಅದರಿಂದ ದೃಶ್ಯ ರೆಕಾರ್ಡ್ ಮಾಡುವ ಎನ್‌ವಿಆರ್‌ಗೆ ನೇರ ಕೇಬಲ್: 14 ಸಾವಿರದಲ್ಲಿ ಮುಗಿಯಿತು.

ನಡುವೆ ಟ್ಯಾಲಿ ಡೇಟಾವನ್ನು ನ್ಯಾಸ್‌ಗೆ (ನೆಟ್‌ವರ್ಕ್‌ನಲ್ಲಿ ಎಲ್ಲರೂ ಫೈಲ್ ಇಡುವ ಪೆಟ್ಟಿಗೆ) ಹಾಕಿ ನೋಡಿದೆವು. ಎಂಟು ಜನ ಒಟ್ಟಿಗೆ ಕೂತರೆ ಇನ್ನೂ ನಿಧಾನ. ವಾರದಲ್ಲೇ ಸರ್ವರ್‌ನ ಎಸ್‌ಎಸ್‌ಡಿಗೆ ವಾಪಸ್ ತಂದು, ನ್ಯಾಸ್ ಅನ್ನು ಬ್ಯಾಕಪ್‌ಗೆ ಬಿಟ್ಟೆವು.

ಸಹಿಗೆ ಮುಂಚೆ ರಿಸ್ಟೋರ್ ಪರೀಕ್ಷೆ ಕಡ್ಡಾಯ. ಹಳೆಯವರ ಬ್ಯಾಕಪ್ ಅನ್ನು ಖಾಲಿ ಕಂಪ್ಯೂಟರ್‌ಗೆ ಇಳಿಸಿದರೆ ಟ್ಯಾಲಿಯಲ್ಲಿ ನಮ್ಮ ಕಂಪನಿಯ ಲೆಕ್ಕ ತೆರೆಯಲೇ ಇಲ್ಲ. ಟ್ಯಾಲಿ ಓಡುತ್ತಿರುವಾಗಲೇ ಫೋಲ್ಡರ್ ಕಾಪಿ ಆಗುತ್ತಿತ್ತು. ಈಗ ರಾತ್ರಿ ಎಲ್ಲರೂ ಮುಚ್ಚಿದ ಮೇಲೆ ಬ್ಯಾಕಪ್, ಮೂರು ತಿಂಗಳಿಗೊಮ್ಮೆ ನಮ್ಮೆದುರು ರಿಸ್ಟೋರ್.

ಜುಟ್ಟು ಅಂದರೆ ಡೊಮೈನ್, ಲೈಸೆನ್ಸ್, ಅಡ್ಮಿನ್ ಪಾಸ್‌ವರ್ಡ್. ನಮ್ಮ ಡಾಟ್ ಕಾಮ್ ಹಳೆಯ ವೆಬ್‌ಸೈಟ್‌ನವರ ಹೆಸರಲ್ಲಿತ್ತು. ಹೆಸರು ಬದಲಿಸಿಕೊಂಡ ಮೇಲೆ ರಿಜಿಸ್ಟ್ರಾರ್ (ಡೊಮೈನ್ ನೋಂದಾಯಿಸುವ ಕಂಪನಿ) ಬದಲಿಸಲು ಹೋದರೆ 60 ದಿನದ ಲಾಕ್ ಬಿತ್ತು. ಹಾಗಾಗಿ ಹಳೆಯವರಿಗೆ ನೋಟಿಸ್ ಕೊಡುವ ಮೊದಲೇ ಇದನ್ನು ಮುಗಿಸಿಕೊಳ್ಳಿ. ಪ್ರತಿ ಅಡ್ಮಿನ್ ಖಾತೆಗೂ ನಮ್ಮದೇ ಮೇಲ್, ನಮ್ಮದೇ ಮೊಬೈಲ್. ಕೆಲಸ ವಹಿಸಿಕೊಂಡವರಿಗೆ ಬೇರೆ ಲಾಗಿನ್.

ಒಪ್ಪಂದದಲ್ಲಿ ದುರಸ್ತಿ ಮುಗಿಸುವ ಸಮಯ, ತಡವಾದರೆ ಬಿಲ್‌ನಲ್ಲಿ ಕಡಿತ, ಸ್ಟ್ಯಾಂಡ್‌ಬೈ ಕಂಪ್ಯೂಟರ್ ಒಂದು ನಮ್ಮಲ್ಲೇ. ಹಣ ಮೂರು ತಿಂಗಳಿಗೊಮ್ಮೆ, ಕೆಲಸ ಆದ ಮೇಲೆ. ದರ ಇಳಿಸಿದ ಒಂದು ಷರತ್ತನ್ನು ಇಲ್ಲಿ ಬರೆಯುವುದಿಲ್ಲ, ಮುಂದಿನ ರಿನ್ಯೂವಲ್‌ಗೆ ಬೇಕು. ಯುಪಿಎಸ್ ಬ್ಯಾಟರಿ ಮಾತ್ರ ಹೊರಗಿಟ್ಟೆ. ಎರಡು-ಮೂರು ವರ್ಷಕ್ಕೊಮ್ಮೆ ಹೇಗೂ ಬದಲಿಸಬೇಕು, ಎಎಂಸಿಯಲ್ಲಿ ಸೇರಿಸಿದರೆ ಅದಕ್ಕೇ 30 ಸಾವಿರ ಹೆಚ್ಚು ಕೇಳುತ್ತಾರೆ.