ಅಡವು ಮಾಡುವ ಮುಂಚೆ ಒಂದು ಟೆನಿಸ್ ಚೆಂಡು

ನಾನು ಭರತನಾಟ್ಯ ಕಲಿಸುತ್ತೇನೆ. ಕುದಿತ್ತಮೆಟ್ಟು ಎಂಬ ಅಡವನ್ನು (ನೃತ್ಯದ ಮೂಲ ಹೆಜ್ಜೆ) ನಿಧಾನ, ಮಧ್ಯಮ, ವೇಗ ಎಂಬ ಮೂರು ಕಾಲದಲ್ಲೂ ಮಾಡಿದ ಮಾರನೇ ದಿನ ಮೀನಖಂಡ ಕಲ್ಲಿನಂತಾಗುತ್ತದೆ. ಮುಂಗಾಲಿನ ಮೇಲೆ ಜಿಗಿದು ಹಿಮ್ಮಡಿ ತಟ್ಟುವ ಅಡವು ಅದು. ನಮ್ಮದು ಗ್ರಾನೈಟ್ ನೆಲ ಬೇರೆ. ಅದಕ್ಕೇ ತರಗತಿಯ ಮೂಲೆಯಲ್ಲಿ ಈಗ ಫೋಮ್ ರೋಲರ್ (ಸ್ನಾಯುವಿನ ಕೆಳಗೆ ಉರುಳಿಸಿ ಬಿಗಿ ಸಡಿಲಿಸುವ ಗಟ್ಟಿ ಫೋಮಿನ ಉರುಳೆ) ಮತ್ತು ಟೆನಿಸ್ ಚೆಂಡುಗಳ ಬುಟ್ಟಿ ಇದೆ.

ಶುರು ಅಂಗಾಲಿನಿಂದ. ಗೋಡೆ ಹಿಡಿದು ನಿಂತು, ಚೆಂಡಿನ ಮೇಲೆ ಪಾದ ಇಟ್ಟು, ಬೆರಳಿನ ಬುಡದಿಂದ ಹಿಮ್ಮಡಿಯವರೆಗೆ ನಿಧಾನವಾಗಿ ಉರುಳಿಸುತ್ತೇನೆ. ಒಂದೊಂದು ಕಾಲಿಗೆ ಒಂದು ನಿಮಿಷ ಸಾಕು.

ಆಮೇಲೆ ಮೀನಖಂಡ. ಇದಕ್ಕೆ ನಾನು ಜಾಸ್ತಿ ಸಮಯ ಕೊಡುತ್ತೇನೆ. ಕಾಲು ಚಾಚಿ ಕೂತು, ರೋಲರನ್ನು ಮೀನಖಂಡದ ಕೆಳಗೆ ಇಟ್ಟು, ಕೈ ಊರಿ ಸೊಂಟ ಸ್ವಲ್ಪ ಎತ್ತುತ್ತೇನೆ. ಪಾದದ ಗಂಟಿನ ಮೇಲಿಂದ ಮಂಡಿಯ ಕೆಳಗಿನವರೆಗೆ ಮಾತ್ರ ಉರುಳಿಸಬೇಕು. ಮಂಡಿಯ ಹಿಂದಿನ ಕುಳಿಯಲ್ಲಿ ನರ, ರಕ್ತನಾಳಗಳಿವೆ, ಅಲ್ಲಿ ಒತ್ತಬಾರದು. ನೋವಿನ ಜಾಗ ಸಿಕ್ಕರೆ ಉರುಳಿಸುವುದನ್ನು ನಿಲ್ಲಿಸಿ, ಉಸಿರು ಬಿಡುತ್ತಾ ಅರ್ಧ ನಿಮಿಷ ಅಲ್ಲೇ ಇರುತ್ತೇನೆ. ಹಾಗೇ ಪಾದವನ್ನು ಮೇಲೆ ಕೆಳಗೆ ಆಡಿಸುತ್ತೇನೆ. ನನಗೆ ಅತಿ ಹೆಚ್ಚು ಫಲ ಕೊಟ್ಟದ್ದು ಈ ಆಡಿಸುವಿಕೆ. ರೋಲರ್ ಇಲ್ಲದ ಮಕ್ಕಳು ಮನೆಯಲ್ಲಿ ಕುರ್ಚಿ ಮೇಲೆ ಕೂತು ಲಟ್ಟಣಿಗೆಯಿಂದ ಮಾಡುತ್ತಾರೆ. ಅದೂ ನಡೆಯುತ್ತದೆ.

ಅರೆಮಂಡಿ (ಮಂಡಿಗಳನ್ನು ಹೊರಕ್ಕೆ ಮಡಚಿ ಅರ್ಧ ಕೂರುವ ಭಂಗಿ) ಬಿಗಿಯಾಗಿದ್ದರೆ ಬೋರಲು ಮಲಗಿ, ಒಂದು ಕಾಲನ್ನು ಪಕ್ಕಕ್ಕೆ ಮಡಚಿ, ಒಳತೊಡೆಗೆ ರೋಲರ್ ಕೊಡುತ್ತೇನೆ. ಕುಂಡಿಯ ಸ್ನಾಯುವಿಗೆ ಗೋಡೆಗೆ ಒರಗಿ ಮಧ್ಯೆ ಚೆಂಡು ಇಟ್ಟರೆ ಆಯಿತು. ಕಾಲಿಗೆ ಜುಮ್ಮೆಂದು ಇಳಿದರೆ ಅದು ನರ, ತಕ್ಷಣ ಚೆಂಡನ್ನು ಪಕ್ಕಕ್ಕೆ ಸರಿಸಬೇಕು.

"ಮಿಸ್, ಇನ್ನೂ ಜೋರಾಗಿ ಒತ್ತಬೇಕಾ?" ಅಂತ ಎಲ್ಲರೂ ಕೇಳುತ್ತಾರೆ. ಬೇಡ. ಹತ್ತರಲ್ಲಿ ಐದಾರರಷ್ಟು ನೋವು ಸಾಕು. ಹಲ್ಲು ಕಚ್ಚಿದರೆ, ಉಸಿರು ಹಿಡಿದರೆ ಸ್ನಾಯು ಇನ್ನೂ ಬಿಗಿಯುತ್ತದೆ. ಸ್ನಾಯುಗಳನ್ನು ಸುತ್ತಿರುವ ಫ್ಯಾಷಿಯಾ ಪೊರೆಯನ್ನು ಒತ್ತಿ ಹಿಗ್ಗಿಸಬಹುದು ಅಂತ ಬಹಳ ಜನ ನಂಬಿದ್ದಾರೆ. ಆದರೆ ಅಂಗಾಲು ಮತ್ತು ತೊಡೆಯ ಹೊರಬದಿಯ ಫ್ಯಾಷಿಯಾ ತುಂಬಾ ಗಟ್ಟಿ. ಶೇಕಡಾ 1ರಷ್ಟು ಅದುಮಲೂ ಕೈಯಿಂದ ಕೊಡಲಾಗದಷ್ಟು ಬಲ ಬೇಕು ಎಂದು 2008ರಲ್ಲಿ ಪ್ರಕಟವಾದ ಗಣಿತದ ಲೆಕ್ಕವೊಂದು ತೋರಿಸಿತು. ನಮಗೆ ಅನ್ನಿಸುವ ಸಡಿಲ ಬಹುಪಾಲು ನರಮಂಡಲದಿಂದ ಬರುವುದು. ಒತ್ತಡಕ್ಕೆ ಒಗ್ಗಿ ದೇಹ ಬಿಗಿ ಬಿಡುತ್ತದೆ. ಹಾಗಾಗಿ ತೊಡೆಯ ಹೊರಬದಿಯನ್ನು ಅರೆಯಲು ನಾನು ಯಾರಿಗೂ ಬಿಡುವುದಿಲ್ಲ. ಸುಮ್ನೆ ನೋವು ಅಷ್ಟೇ.

ಈ ಸಡಿಲ ಸಾಮಾನ್ಯವಾಗಿ ಅರ್ಧ ಗಂಟೆಯೂ ಉಳಿಯುವುದಿಲ್ಲ. ರೋಲರ್ ಬಿಟ್ಟು ಎದ್ದವರು ಮೊಬೈಲ್ ಹಿಡಿದು ಕೂತರೆ ಅದು ಹೋಯಿತು ಅಂತಲೇ ಲೆಕ್ಕ. ನಾವು ನೇರವಾಗಿ ಅರೆಮಂಡಿಗೆ ಇಳಿದು, ನಿಧಾನದ ವಿಳಂಬ ಕಾಲದಲ್ಲಿ ಪಾದ ತಟ್ಟುವ ತಟ್ಟಡವು ಶುರು ಮಾಡುತ್ತೇವೆ. ಬಂದ ಸಡಿಲವನ್ನು ಆಗಲೇ ಬಳಸಬೇಕು, ಅಲ್ವಾ? ಕಾರ್ಯಕ್ರಮ ಮುಗಿದ ರಾತ್ರಿ ಮಾತ್ರ ಹಗುರವಾಗಿ ಉರುಳಿಸಿ ಮಲಗುತ್ತೇನೆ. ಮಾರನೇ ದಿನದ ನೋವು ಸ್ವಲ್ಪ ಕಡಿಮೆ ಇರುತ್ತದೆ.

ಹೊಸ ಉಳುಕು, ಊತ ಇದ್ದರೆ ರೋಲರ್ ಮುಟ್ಟಿಸುವುದಿಲ್ಲ. ಉಬ್ಬಿದ ರಕ್ತನಾಳ ಇರುವವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ವೈದ್ಯರನ್ನು ಕೇಳಿಯೇ ಬನ್ನಿ ಎನ್ನುತ್ತೇನೆ. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಚುಚ್ಚುವುದು ಎರಡು ವಾರವಾದರೂ ನಿಲ್ಲದಿದ್ದರೆ, ಅಂಥ ಮಕ್ಕಳಿಗೆ ಜಿಗಿಯುವ ಅಡವು ನಿಲ್ಲಿಸಿ ಫಿಸಿಯೋಥೆರಪಿಸ್ಟ್ ಬಳಿ ಕಳಿಸುತ್ತೇನೆ.