ಜಗಳದ ಮಧ್ಯೆ ನಾಡಿ ನೋಡಿದೆ: ದಂಪತಿ ಕೌನ್ಸೆಲಿಂಗ್‌ನಲ್ಲಿ ನನ್ನ ಅನುಭವ

ದಾವಣಗೆರೆಯಲ್ಲಿ ಗಂಡ ಹೆಂಡತಿ ಕೌನ್ಸೆಲಿಂಗ್ ನಡೆಯೋದಿಲ್ಲ, ಜನ ಬರೋದೇ ಇಲ್ಲ, ಬಂದರೂ ಮೂರನೇ ಸಲಕ್ಕೆ ಇರೋದಿಲ್ಲ ಅಂತ ನನಗೆ ಹೇಳಿದವರು ಇದೇ ಕೆಲಸ ಮಾಡುವವರು. ಮೂರನೇ ಸಲದ ಮಾತು ಒಂದಷ್ಟು ಕಾಲ ನಿಜವೇ ಆಗಿತ್ತು. ಈಗ ಅಲ್ಲ. ಹೋದ ವರ್ಷ ಬಂದ ಜೋಡಿಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಜನ ಐದಾರು ಸೆಷನ್ ಪೂರ್ತಿ ಮಾಡಿದ್ದಾರೆ. ಈ ಊರಿಗೆ ಇದು ಸಣ್ಣ ಸಂಗತಿಯಲ್ಲ. ಬದಲಾಗಿದ್ದು ಏನು ಅಂದರೆ, ಮೇಜಿನ ಮೇಲೆ ಬೆರಳಿಗೆ ಸಿಕ್ಕಿಸಿದರೆ ನಾಡಿಬಡಿತ ತೋರಿಸುವ ಎರಡು ಪಲ್ಸ್ ಆಕ್ಸಿಮೀಟರ್ ಬಂದವು. ಕೋವಿಡ್ ಟೈಮಲ್ಲಿ ಎಲ್ಲರೂ ಕೊಂಡು ಈಗ ಬೀರುವಿನಲ್ಲಿ ಇಟ್ಟು ಮರೆತಿದ್ದಾರಲ್ಲ, ಅದೇ.

ಮೊದಲು ನಾನೂ ಎಲ್ಲರ ಹಾಗೇ ಮಾಡುತ್ತಿದ್ದೆ. ಒಬ್ಬರು ಮಾತಾಡಬೇಕು, ಇನ್ನೊಬ್ಬರು ಕೇಳಿಸಿಕೊಂಡಿದ್ದನ್ನು ತಿರುಗಿ ಹೇಳಬೇಕು, ಆಮೇಲೆ ಪಾಳಿ ಬದಲು. ತರಬೇತಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ನಿಜವಾದ ಜೋಡಿ ಬಂದು ಕೂತರೆ 10 ನಿಮಿಷಕ್ಕೆ ಒಬ್ಬರು ಕೂಗಾಡುತ್ತಾರೆ, ಇನ್ನೊಬ್ಬರು ನೆಲ ನೋಡುತ್ತಾ ಕೂರುತ್ತಾರೆ, ಉಳಿದ 40 ನಿಮಿಷ ನಾನು ಪಂಚಾಯ್ತಿ ಮಾಡಬೇಕು. ಆಗ ಸೆಷನ್‌ಗೆ 600 ರೂಪಾಯಿ ತೆಗೆದುಕೊಳ್ಳುತ್ತಿದ್ದೆ. ರೂಮಿನ ಬಾಡಿಗೆಯೇ ತಿಂಗಳಿಗೆ ಆರೇಳು ಸಾವಿರ. "ಅವಳಿಗೆ ಬುದ್ಧಿ ಹೇಳ್ತೀರಾ ಅಂದ್ಕೊಂಡಿದ್ದೆ" ಅಂತ ಗಂಡ ಎದ್ದು ಹೋದರೆ ಮುಗೀತು. ಹಾಗೆ ನಾಲ್ಕು ಜೋಡಿ ಹೋದರೆ ಆ ತಿಂಗಳ ಬಾಡಿಗೆ ಕೈಯಿಂದಲೇ ಕಟ್ಟಬೇಕು.

ಗಾಟ್‌ಮನ್, ಲೆವೆನ್ಸನ್ ಅಂತ ಗಂಡ ಹೆಂಡತಿ ಜಗಳದ ಮೇಲೆ ಸಂಶೋಧನೆ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞರ ಪ್ರಯೋಗ ಈ ಕೆಲಸದಲ್ಲಿರುವ ನಿಮಗೆಲ್ಲ ಗೊತ್ತು. ಜಗಳ ಏರುತ್ತಿರುವಾಗ "ಉಪಕರಣ ಸರಿ ಮಾಡಬೇಕು" ಅಂತ ನೆಪ ಹೇಳಿ ಅರ್ಧ ಗಂಟೆ ಸುಮ್ನೆ ಮ್ಯಾಗಜೀನ್ ಓದಲು ಕೂರಿಸಿದ್ದರು. ಎದೆಬಡಿತ ಇಳಿದ ಮೇಲೆ ಅದೇ ಜೋಡಿ ಅದೇ ವಿಷಯವನ್ನು ಬೇರೆ ಥರ ಮಾತಾಡಿತು. ನಾಡಿ ನಿಮಿಷಕ್ಕೆ 100 ದಾಟಿದರೆ ಮಾತು ತಲೆಗೆ ಹೋಗೋದಿಲ್ಲ, ಕಡೇಪಕ್ಷ 20 ನಿಮಿಷ ಬಿಡಬೇಕು ಅಂತ ನಾವೆಲ್ಲ ಓದಿದ್ದೇವೆ. ನಮ್ಮ ಕಡೆ ಸೆಷನ್ ಮಧ್ಯೆ ನಾಡಿ ನೋಡಿ ಹಾಗೆ ಮಾಡಿದವರನ್ನು ಮಾತ್ರ ನಾನು ನೋಡಿರಲಿಲ್ಲ. ನಾನು ಮಾಡುತ್ತೇನೆ ಅಂದಾಗ ಹಿರಿಯರೊಬ್ಬರು "ಇದು ಕೌನ್ಸೆಲಿಂಗೋ ನರ್ಸಿಂಗ್ ಹೋಮೋ" ಅಂದರು.

ಆ ಹಿರಿಯರು ಆಮೇಲೆ ನನ್ನ ಹತ್ತಿರವೇ ಜೋಡಿಗಳನ್ನು ಕಳಿಸತೊಡಗಿದ್ದು ಈ ಒಂದು ಕೇಸಿನಿಂದ. ವಿವರ ಬದಲಿಸಿದ್ದೇನೆ. ಗಂಡನದು ಬಟ್ಟೆ ವ್ಯಾಪಾರ, ಮದುವೆಯಾಗಿ ಎಂಟೊಂಬತ್ತು ವರ್ಷ. ಗಂಡ ತನ್ನ ತಮ್ಮನಿಗೆ ಕೊಟ್ಟ ಸಾಲದ ಮೇಲೆ ಜಗಳ. ಹೆಂಡತಿ ಒಂದೇ ಉಸಿರಿಗೆ ಶುರು ಮಾಡಿದರು: "ಇವ್ರಿಗೆ ಏನೂ ಅನ್ಸಲ್ಲ ಮೇಡಂ, ಗ್ವಾಡೆ ಜೊತೆ ಬಾಳ್ವೆ ಮಾಡಿದಂಗೆ." ಆ ಮನುಷ್ಯ ಮೊಣಕಾಲ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು, ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಬಂದು ಕೂತಾಗ 78 ಇದ್ದ ನಾಡಿ ಸಾಲದ ಮಾತು ಬಂದ ಕೂಡಲೇ 91, ಆಮೇಲೆ 104, ಆಮೇಲೆ 118. ಕೂಗಾಡುತ್ತಿದ್ದ ಆಕೆಯದು 96. ಗಂಡನ ಬೆರಳನ್ನು ಮೀಟರ್ ಸಮೇತ ಆಕೆಯ ಕಡೆ ತಿರುಗಿಸಿದೆ. ಆಕೆಯ ಮಾತು ಅರ್ಧಕ್ಕೆ ನಿಂತಿತು. "ಇದು ಇವ್ರದಾ?" ಅಂತ ನನ್ನನ್ನು ಕೇಳಿದರು. ಆಗ ಗಂಡ ಮೊದಲ ಸಲ ಬಾಯಿ ಬಿಟ್ಟರು: "ನೀನು ಶುರು ಮಾಡಿದ್ರೆ ನಂಗೆ ಕೈಕಾಲು ತಣ್ಣಗಾಗುತ್ತೆ." 20 ನಿಮಿಷ ಬೇರೆ ಬೇರೆ ಕೂರಿಸಿ ಮತ್ತೆ ಕರೆದೆ. ಸಾಲದ ನಿಜವಾದ ಮೊತ್ತ ಅವತ್ತು ಹೊರಗೆ ಬಂತು. ಆಕೆ ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಇತ್ತು. ದುಡ್ಡು ಇವತ್ತಿಗೂ ವಾಪಸ್ ಬಂದಿಲ್ಲ, ಆದರೆ ಭಾನುವಾರ ಸಂಜೆ ಇಬ್ಬರೂ ಕೂತು ಲೆಕ್ಕ ನೋಡುತ್ತಾರೆ.

ಮೀಟರ್ ಸಾವಿರ ರೂಪಾಯಿ ಆಸುಪಾಸಿನದ್ದೇ ಸಾಕು. ಮೆಹಂದಿ, ನೇಲ್ ಪಾಲಿಶ್ ಇದ್ದರೆ ಓದುವುದು ಕಷ್ಟ, ಬೇರೆ ಬೆರಳು ನೋಡಿ. ಬೆರಳು ತಣ್ಣಗಿದ್ದರೆ ಉಜ್ಜಿಸಿ. ನನ್ನದು ಎರಡನೇ ಮಹಡಿ, ಮೆಟ್ಟಿಲು ಹತ್ತಿ ಬಂದವರದು ಆಗಲೇ 110 ಇರುತ್ತದೆ, ಹಾಗಾಗಿ 10 ನಿಮಿಷ ಕೂರಿಸಿಯೇ ಮೊದಲ ಅಂಕಿ ಬರೆದುಕೊಳ್ಳುವುದು. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಅನ್ನುವ, ಎದೆಬಡಿತ ನಿಧಾನ ಮಾಡುವ ಮಾತ್ರೆ ತೆಗೆದುಕೊಳ್ಳುವವರ ನಾಡಿ ಏನೇ ಆದರೂ ಅಷ್ಟಾಗಿ ಏರೋದಿಲ್ಲ, ಗರ್ಭಿಣಿಯರದು, ರಕ್ತಹೀನತೆ ಇರುವವರದು ಮೊದಲೇ ಮೇಲಿರುತ್ತದೆ. ಮಾತ್ರೆ ಏನು ಅಂತ ಮೊದಲೇ ಕೇಳಿ. 100 ಅನ್ನೋದನ್ನೇ ಹಿಡಿದುಕೊಂಡು ಕೂತರೆ ಇಂಥವರಲ್ಲಿ ಮೋಸ ಹೋಗುತ್ತೀರಿ. ಅವರವರ ಮೊದಲ ಅಂಕಿಗಿಂತ ಎಷ್ಟು ಏರಿತು ಅನ್ನೋದನ್ನು ನೋಡಿ.

ಬ್ರೇಕ್‌ನಲ್ಲಿ ಮೊಬೈಲ್ ಕೊಡಬೇಡಿ. ಕೊಟ್ಟರೆ ತವರಿಗೊಂದು ಫೋನು, ಅಕ್ಕನಿಗೊಂದು ಫೋನು, 20 ನಿಮಿಷದಲ್ಲಿ ನಾಡಿ ಇನ್ನೂ 10 ಏರಿರುತ್ತದೆ. ಬ್ರೇಕ್ ಮುಗಿದು ಬಂದ ಮೇಲೆ ನಾನು ಕೇಳುವ ಮೊದಲ ಪ್ರಶ್ನೆ ಯಾವುದು ಅಂತ ತುಂಬ ಜನ ಕೇಳಿದ್ದಾರೆ. ಅದನ್ನು ಇಲ್ಲಿ ಬರೆಯೋದಿಲ್ಲ. ಅದು ನನ್ನ ಅನ್ನ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಬ್ರೇಕ್ ಬೇಕು ಅಂದರೆ 50 ನಿಮಿಷ ಸಾಲದು, 90 ನಿಮಿಷ ಬೇಕು, ಎರಡು ರೂಮ್ ಬೇಕು. ಬಾಡಿಗೆ 11,000 ಆಯಿತು, ದಿನಕ್ಕೆ ಐದಾರು ಜೋಡಿ ನೋಡುತ್ತಿದ್ದವಳು ಮೂರಕ್ಕೆ ಇಳಿದೆ. ಮೊದಲ ನಾಲ್ಕೈದು ತಿಂಗಳು ನಷ್ಟವೇ. ಆಮೇಲೆ ಆರು ಸೆಷನ್‌ಗೆ 6,000 ಮುಂಗಡ ಅಂತ ಮಾಡಿದೆ, ಅರ್ಧ ಗಂಡನ ಕೈಯಿಂದ, ಅರ್ಧ ಹೆಂಡತಿ ಕೈಯಿಂದ. ಆಕೆಗೆ ಸಂಪಾದನೆ ಇಲ್ಲದಿದ್ದರೆ ಮನೆ ಖರ್ಚಿನ ದುಡ್ಡೇ ಆಗಲಿ, ಆಕೆಯೇ ಎಣಿಸಿ ಕೊಡಬೇಕು. ಎಲ್ಲ ದುಡ್ಡು ಒಬ್ಬರೇ ಕೊಟ್ಟರೆ ತೀರ್ಪು ತಮ್ಮ ಕಡೆಗೇ ಬರಬೇಕು ಅಂತ ಕಾಯುತ್ತಾರೆ. ಕೆಲವು ಗಂಡಂದಿರು ನಕ್ಕರು, ನಾನು ಬಿಡಲಿಲ್ಲ. ಮಧ್ಯದಲ್ಲಿ ಬಿಟ್ಟುಹೋಗುವುದು ಅರ್ಧಕ್ಕರ್ಧ ಕಡಿಮೆಯಾಗಿದ್ದರಲ್ಲಿ ಈ ನಿಯಮದ ಪಾಲೂ ಇದೆ.

ಮಧ್ಯೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಕುಂದವಾಡ ಕೆರೆ ಏರಿಯ ಮೇಲೆ ನಡೆಯುತ್ತಾ ಸೆಷನ್ ಮಾಡಿ ನೋಡಿದೆ. ಎದುರುಬದುರು ಕೂರೋದಿಲ್ಲವಲ್ಲ, ಗಂಡಸರು ಧಾರಾಳವಾಗಿ ಮಾತಾಡಿದರು. ಆದರೆ ವಾಕಿಂಗ್‌ಗೆ ಬಂದ ಪರಿಚಯದವರು "ಏನ್ ಇಬ್ರೂ ಈ ಕಡೆ?" ಅನ್ನತೊಡಗಿದ ಮೇಲೆ ಯಾರೂ ಒಪ್ಪಲಿಲ್ಲ. ಸ್ಮಾರ್ಟ್ ವಾಚ್ ಕಟ್ಟಿಸಿದೆ, ಅಂಕಿ ನಿಧಾನವಾಗಿ ಬರುತ್ತದೆ, ಜೊತೆಗೆ ಮೆಸೇಜ್ ಬಂದರೆ ಕಣ್ಣು ಅಲ್ಲಿಗೇ ಹೋಗುತ್ತದೆ.

ಎಲ್ಲರಿಗೂ ಇದು ಆಗುವುದಿಲ್ಲ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕಿ, ಕಾನೂನಿನಂತೆ ಕಾಯಬೇಕಾದ ಆರು ತಿಂಗಳ ಮಧ್ಯೆ ಮನೆಯವರ ಒತ್ತಾಯಕ್ಕೆ ಬಂದ ಕೆಲವರಲ್ಲಿ ಎಂಥ ವಿಷಯ ಎತ್ತಿದರೂ ಇಬ್ಬರದೂ 70ರ ಆಸುಪಾಸು. ಅಲ್ಲಿ ತಣ್ಣಗಾಗಿಸಲು ಏನೂ ಉಳಿದಿರಲಿಲ್ಲ. ಮಕ್ಕಳ ವಿಷಯವನ್ನಾದರೂ ಸರಿಯಾಗಿ ಮಾತಾಡಿಕೊಳ್ಳಿ ಅಂತ ಅದಕ್ಕಷ್ಟೇ ಸಹಾಯ ಮಾಡಿದೆ. ಇನ್ನೊಂದು ವಿಷಯದಲ್ಲಿ ರಾಜಿ ಇಲ್ಲ. ಮೊದಲ ದಿನ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಹೊಡೆತ, ಬೆದರಿಕೆ ಇದೆಯಾ ಅಂತ ಕೇಳಲೇಬೇಕು. ಇದೆ ಅಂದರೆ ಜಂಟಿ ಸೆಷನ್ ಬೇಡವೇ ಬೇಡ. ಇಲ್ಲಿ ಬಾಯಿಬಿಟ್ಟಿದ್ದಕ್ಕೆ ಆಕೆ ಮನೆಯಲ್ಲಿ ಏಟು ತಿನ್ನಬೇಕಾಗುತ್ತದೆ. 181 ಮಹಿಳಾ ಸಹಾಯವಾಣಿ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ, ಅದರಡಿಯ ರಕ್ಷಣಾಧಿಕಾರಿ, ಈ ದಾರಿಯನ್ನು ಆಕೆಗೆ ಒಬ್ಬರೇ ಇದ್ದಾಗ ತಿಳಿಸಿ.

ಈಗ ಗಂಡ ಬೆಂಗಳೂರಲ್ಲಿ, ಹೆಂಡತಿ ಇಲ್ಲಿ ಇರುವ ಜೋಡಿಗಳು ಜಾಸ್ತಿ ಬರುತ್ತಿದ್ದಾರೆ. ಇಬ್ಬರಿಗೂ ಮೀಟರ್ ಕೊರಿಯರ್ ಮಾಡಿ ವಿಡಿಯೋ ಕಾಲ್‌ನಲ್ಲಿ ನೋಡುತ್ತಿದ್ದೇನೆ. ನಾಡಿ ಏರಿದ್ದು ಕಾಣುತ್ತದೆ, ಆದರೆ ಬ್ರೇಕ್ ಅಂದ ಕೂಡಲೇ ಒಬ್ಬರು ಕಾಲ್ ಕಟ್ ಮಾಡಿ ಮತ್ತೆ ಬರೋದೇ ಇಲ್ಲ. ಇದಕ್ಕೆ ಯಾರಾದರೂ ದಾರಿ ಕಂಡುಕೊಂಡಿದ್ದರೆ ದಯವಿಟ್ಟು ತಿಳಿಸಿ.